ಮುತ್ತುಗ ಹೂಬಿಟ್ಟಾಗ

ಫಾಲ್ಗುಣದಲ್ಲಿ ಎರಡು ದಿನ ಬಿಡುವು ಸಿಕ್ಕರೆ, ಮೈಸೂರಿನಿಂದ ಹೆಗ್ಗಡದೇವನಕೋಟೆಯ ದಾರಿ ಹಿಡಿದು ಹಂಪಾಪುರದ ಕಡೆ ಹೊರಡಿ. ಹೊಲದ ಯಜಮಾನರನ್ನು ಕೇಳಿಕೊಂಡು ಬದುವಿನ ಪಕ್ಕ ಡೇರೆ ಹಾಕಿ. ಅಪ್ಪಣೆಯಿಲ್ಲದೆ ಕಾಡಿನೊಳಗೆ ಮಾತ್ರ ಬೇಡ. ಅದು ಆನೆಯ ಸೀಮೆ.

ಎಲೆಯೆಲ್ಲ ಉದುರಿಸಿ, ಮೈತುಂಬ ಕೆಂಡ ಹೊತ್ತಂತೆ ನಿಂತ ಮರವೇ ಮುತ್ತುಗ. ಇದರ ಎಲೆಯಲ್ಲಿ ನೀವು ಊಟ ಮಾಡಿದ್ದೀರಿ. ಹೂವನ್ನು ಹತ್ತಿರದಿಂದ ನೋಡಿದ್ದೀರೋ? ಕೊಕ್ಕಿನಂತೆ ಬಾಗಿದ ದಳ. ‘ಇದೇನು ಗಿಳಿಯೇ?’ ಎಂಬರ್ಥದಲ್ಲಿ ಸಂಸ್ಕೃತದವರು ಕಿಂಶುಕವೆಂದರು. ವಾಸನೆಯಿಲ್ಲ, ಮಕರಂದ ಧಾರಾಳ. ಕರೆಯಬೇಕಾದದ್ದು ಹಕ್ಕಿಯನ್ನು, ಹಕ್ಕಿಗೆ ಬಣ್ಣ ಸಾಕು.

ಮೊದಲ ಸಲ ನಾನು ಮರದ ಬುಡದಲ್ಲೇ ಡೇರೆ ಹಾಕಿ, ಬೆಳಗೆಲ್ಲ ಒಂದು ಕಾಗೆಯನ್ನೂ ಕಾಣದೆ ಕುಳಿತೆ. ಮಾರನೆಯ ದಿನ ಐವತ್ತು ಹೆಜ್ಜೆ ಹಿಂದೆ ಸರಿದದ್ದೇ ತಡ, ಸಂತೆ ಸೇರಿತು. ಗೊರವಂಕ ಜಗಳವಾಡುತ್ತ ಬಂತು, ಕವಲುಬಾಲದ ಕಾಜಾಣ ಬಂತು. ಗಿಳಿಯಂತೂ ಹೂವನ್ನೇ ಕಿತ್ತು ಬಿಸಾಡಿತು, ಪೋಕರಿ! ಗುಬ್ಬಚ್ಚಿಗಿಂತ ಕಿರಿದಾದ ಸೂರಕ್ಕಿಯೇ ಮರಕ್ಕೆ ನಿಜವಾದ ನೆಂಟ: ಮಕರಂದ ಹೀರುವಾಗ ಮೈಗೆ ಮೆತ್ತಿದ ಪರಾಗವನ್ನು ಮುಂದಿನ ಮರಕ್ಕೆ ಒಯ್ಯುತ್ತದೆ. ಬಿಸಿಲು ಬಿದ್ದರೆ ಗಂಡಿನ ಕಪ್ಪು ಮೈ ನೀಲಿ, ನೇರಳೆಯಾಗಿ ಮಿಂಚುತ್ತದೆ. ಹೆಣ್ಣಿನ ಹೊಟ್ಟೆ ಹಳದಿ.

ಮಕ್ಕಳು ಬೇಲಿಯ ಲಂಟಾನದ ಹೂವನ್ನೂ ತಂದು ಹೆಸರು ಕೇಳುತ್ತಾರೆ. ಹೆಸರಿನ ಜೊತೆಗೆ ಇದನ್ನೂ ಹೇಳಿ: ಅಮೆರಿಕಾ ಖಂಡದ ಆ ಗಿಡವನ್ನು ಅಂದಕ್ಕೆಂದು ತಂದರು, ಇಂದು ಅದು ನಾಗರಹೊಳೆ, ಬಂಡೀಪುರಗಳಲ್ಲಿ ಹುಲ್ಲಿನ ನೆಲವನ್ನು ನುಂಗುತ್ತಿದೆ. ಜಿಂಕೆ, ಆನೆಗಳ ಮೇವಿಗೆ ಕುತ್ತು. ಆ ಪೊದೆಯಡಿ ಮರದ ಸಸಿ ಮೇಲೇಳುವುದೂ ಕಷ್ಟ.

ಮುತ್ತುಗದ ಕೊಂಬೆ ಮುರಿಯಬೇಡಿ. ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ಹೂ ಹಾಸಿರುತ್ತದೆ. ಮಕ್ಕಳಿಗೆ ಅದೇ ಬೇಕಾದಷ್ಟು.