ಬಯಲ ಮೊಲಕ್ಕೆ ಬೆರಕೆ ನಾಯಿ

ನಾಯಿ ಕೊಳ್ಳಲು ಹೋದವರು ಮೊದಲು ವಿಚಾರಿಸುವುದು ಜಾತಿಯನ್ನು. ಶುದ್ಧ ತಳಿಯೇ, ಪತ್ರ ಇದೆಯೇ, ತಾಯಿತಂದೆ ಎಲ್ಲಿಯವು ಎಂದು. ಬ್ರಿಟನ್ ಮತ್ತು ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಶತಮಾನಗಳಿಂದ ಬಾಳಿಬಂದ ಒಂದು ನಾಯಿಗೆ ಮಾತ್ರ ಈ ಲೆಕ್ಕ ಒಗ್ಗುವುದಿಲ್ಲ. ಅದು ಬೇಕೆಂದೇ ಬೆರೆಸಿದ ಬೆರಕೆ ನಾಯಿ. ಅದರ ಹೆಸರು ಲರ್ಚರ್. ಗ್ರೇಹೌಂಡ್, ವಿಪೆಟ್, ಸಲೂಕಿಗಳಂಥ, ಕಣ್ಣಳತೆಯಲ್ಲೇ ಬೇಟೆ ಹಿಡಿಯುವ ಓಟದ ನಾಯಿ ಒಂದು ಕಡೆ. ಕುರಿ ಕಾಯುವ ಕೋಲಿಯೋ, ಬಿಲ ಕೆದಕುವ ಟೆರಿಯರೋ ಇನ್ನೊಂದು ಕಡೆ. ಎರಡೂ ಕೂಡಿ ಹುಟ್ಟಿದ್ದು ಲರ್ಚರ್. ಬಯಲಿನಲ್ಲಿ ಮೊಲ ಹಿಡಿಯಲು ಯಾವ ಬೆರಕೆ ಸರಿ ಎಂಬ ಚರ್ಚೆ ಅಲ್ಲಿ ಇಂದಿಗೂ ಮುಗಿದಿಲ್ಲ. ಆ ಚರ್ಚೆಯ ಬೆನ್ನು ಹತ್ತಿ ಹೋದರೆ ಒಂದು ನಾಡಿನ ನೆಲ, ಕಾನೂನು, ಬಡವರ ಅಡುಗೆಮನೆ ಎಲ್ಲದರ ಚರಿತ್ರೆಯೂ ಎದುರಾಗುತ್ತದೆ.

ಮೊದಲು ಮೊಲದ ವಿಷಯ. ನಮ್ಮ ಕುರುಚಲು ಕಾಡಿನ ಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ಅಡಗಿ ಕೂರುತ್ತದೆ, ಅಪಾಯ ಬಂದರೆ ಕಾಲನ್ನೇ ನಂಬಿ ಓಡುತ್ತದೆ. ನಾನು ಹೇಳುತ್ತಿರುವುದು ಬೇರೆ ಮೊಲ. ಗುಂಪಾಗಿ ಬಿಲಗಳಲ್ಲಿ ಬಾಳುವ ಇದರ ಮೂಲ ಸ್ಪೇನ್ ಮತ್ತು ಪೋರ್ಚುಗಲ್. ಇಂಗ್ಲೆಂಡಿನಲ್ಲಿ ಇದನ್ನು ಮಾಂಸಕ್ಕೂ ತುಪ್ಪಳಕ್ಕೂ ಸಾಕತೊಡಗಿದವರು ನಾರ್ಮನ್ನರು, 12ನೇ ಶತಮಾನದ ಹೊತ್ತಿಗೆ. ಆ ಚಳಿನಾಡಿಗೆ ಹೊಸದಾದ ಪ್ರಾಣಿ ಎಷ್ಟು ನಾಜೂಕಾಗಿತ್ತೆಂದರೆ, ಅದು ಬಿಲ ತೋಡಲು ಅನುಕೂಲವಾಗಲೆಂದು ಜನರೇ ಮೆತ್ತಗಿನ ಮಣ್ಣಿನ ದಿಬ್ಬಗಳನ್ನು ಕಟ್ಟಿಕೊಡುತ್ತಿದ್ದರು. ಆಗ ಒಂದು ಮೊಲದ ಬೆಲೆ ಕೋಳಿಯ ಬೆಲೆಗಿಂತ ಎಷ್ಟೋ ಹೆಚ್ಚು. ಪೂರ್ವ ಇಂಗ್ಲೆಂಡಿನ ಬ್ರೆಕ್‌ಲ್ಯಾಂಡ್ ಎಂಬ ಮರಳು ನೆಲದ ಬಯಲಿನಲ್ಲಿ, ಥೆಟ್‌ಫರ್ಡ್ ಊರಿನ ಹತ್ತಿರ, ಕಲ್ಲಿನ ಒಂದು ಕಟ್ಟಡ ಈಗಲೂ ನಿಂತಿದೆ. 1400ರ ಸುಮಾರಿಗೆ ಅಲ್ಲಿನ ಕ್ರೈಸ್ತ ಮಠದವರು ಕಟ್ಟಿಸಿದ್ದು. ನೋಡಿದರೆ ಸಣ್ಣ ಕೋಟೆ. ಒಳಗಿದ್ದವರು ಮೊಲ ಕಾಯುವ ಕಾವಲುಗಾರರು. ಮೊಲ ಕಾಯಲು ಕೋಟೆ ಬೇಕಾಯಿತು ಎಂದರೆ, ಹೊರಗಿನ ಕತ್ತಲಲ್ಲಿ ಅದಕ್ಕಾಗಿ ಹೊಂಚುಹಾಕುತ್ತಿದ್ದವರು ಸಾಮಾನ್ಯದವರಾಗಿರಲಿಲ್ಲ.

ಕಾನೂನು ಉಳ್ಳವರ ಪಕ್ಷದಲ್ಲಿ ನಿಂತಿತು. 1381ರಲ್ಲಿ ಇಂಗ್ಲೆಂಡಿನ ರೈತರು ದಂಗೆ ಎದ್ದರು. ಅದಾದ ಒಂಬತ್ತೇ ವರ್ಷಕ್ಕೆ, 1390ರಲ್ಲಿ, ಎರಡನೇ ರಿಚರ್ಡ್ ದೊರೆಯ ಸಂಸತ್ತು ಒಂದು ಶಾಸನ ಮಾಡಿತು. ವರ್ಷಕ್ಕೆ 40 ಶಿಲಿಂಗ್ ಹುಟ್ಟುವಳಿಯ ಜಮೀನು ಇಲ್ಲದವನು ಬೇಟೆನಾಯಿ ಸಾಕಕೂಡದು, ಬಲೆ ಇಟ್ಟುಕೊಳ್ಳಕೂಡದು ಎಂದು. ಶಾಸನವೇ ಕೊಟ್ಟ ಕಾರಣ ಇದು: ಒಳ್ಳೆಯ ಕ್ರೈಸ್ತರು ಚರ್ಚಿನಲ್ಲಿರುವ ಹಬ್ಬದ ದಿನ ಕೂಲಿಕಾರರು ನಾಯಿ ಕಟ್ಟಿಕೊಂಡು ಬೇಟೆಗೆ ಹೋಗುತ್ತಾರೆ, ಬೇಟೆಯ ನೆಪದಲ್ಲಿ ಸೇರಿ ಪಿತೂರಿ ನಡೆಸುತ್ತಾರೆ. 1671ರ ಬೇಟೆ ಕಾನೂನು ಇನ್ನಷ್ಟು ಬಿಗಿಯಾಗಿತ್ತು. ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಸ್ವಂತ ಭೂಮಿ ಇದ್ದವನಿಗೆ ಬೇಟೆಯ ಹಕ್ಕು. ಹಕ್ಕಿಲ್ಲದವರ ಮನೆಗೆ ನುಗ್ಗಿ ಬಂದೂಕು, ಬಲೆ, ನಾಯಿಗಳನ್ನು ಕಿತ್ತುಕೊಳ್ಳುವ ಅಧಿಕಾರ ಕಾವಲುಗಾರನಿಗೆ. ಈ ಏರ್ಪಾಟು 1831ರವರೆಗೆ ನಡೆಯಿತು.

ಲರ್ಚರ್ ಹುಟ್ಟಿದ್ದು ಹೇಗೆ ಎಂದು ಕೇಳಿದರೆ ಬಹಳ ಜನ ಒಂದು ಕಥೆ ಹೇಳುತ್ತಾರೆ. ಬಡವ ಗ್ರೇಹೌಂಡ್ ಸಾಕುವಂತಿರಲಿಲ್ಲ, ಅದಕ್ಕೆ ಬೇರೆ ನಾಯಿ ಬೆರೆಸಿ ರೂಪ ಮರೆಸಿದ, ಕಾವಲುಗಾರನ ಕಣ್ಣಿಗೆ ಮಣ್ಣೆರಚಿದ ಎಂದು. ಕೇಳಲು ಸೊಗಸಾಗಿದೆ. ಆದರೆ 1671ರ ಕಾನೂನನ್ನೇ ತೆರೆದು ನೋಡಿ. ಬಡವರು ಸಾಕಬಾರದ ನಾಯಿಗಳ ಪಟ್ಟಿಯಲ್ಲಿ ಗ್ರೇಹೌಂಡಿನ ಜೊತೆಗೆ ಲರ್ಚರಿನ ಹೆಸರನ್ನೂ ಬರೆದಿದ್ದಾರೆ. ರೂಪ ಮರೆಸಿ ದಕ್ಕಿದ್ದೇನೂ ಇಲ್ಲ ಎಂದಾಯಿತು. ಹಾಗಾದರೂ ಜನ ಬೆರೆಸುವುದನ್ನು ಬಿಡಲಿಲ್ಲ. ಏಕೆಂದರೆ ಬೆರಕೆಯ ನಿಜವಾದ ಕಾರಣ ಕೆಲಸ. ರಾತ್ರಿಯ ಹೊತ್ತು, ಸದ್ದಿಲ್ಲದೆ, ಮೊಲವನ್ನು ಬಿಲ ಸೇರುವ ಮೊದಲೇ ಹಿಡಿದು ಒಡೆಯನ ಕೈಗೆ ತಂದೊಪ್ಪಿಸುವ ಕೆಲಸ. ಅದಕ್ಕೆ ವೇಗವೂ ಬೇಕು, ಮೂಗೂ ಬೇಕು, ಬುದ್ಧಿಯೂ ಬೇಕು. ಈ ಮೂರನ್ನೂ ಒಂದೇ ಮೈಯಲ್ಲಿ ಕೊಡುವ ಶುದ್ಧ ತಳಿ ಇರಲಿಲ್ಲ.

ಇದಕ್ಕೆ ಹಳೆಯ ಪುಸ್ತಕಗಳ ಸಾಕ್ಷಿಯೂ ಇದೆ. ಕೇಂಬ್ರಿಜ್‌ನ ವೈದ್ಯ ಜಾನ್ ಕೀಸ್ 1570ರಲ್ಲಿ ಬ್ರಿಟನ್ನಿನ ನಾಯಿಗಳ ಮೇಲೆ ಲ್ಯಾಟಿನ್ನಿನಲ್ಲಿ ಒಂದು ಪುಟ್ಟ ಪುಸ್ತಕ ಪ್ರಕಟಿಸಿದ. ಅದರಲ್ಲಿ ಎರಡು ಮೊಲದ ನಾಯಿಗಳು ಬರುತ್ತವೆ. ಒಂದು, ಮೊಲಗಳ ಎದುರು ಸುತ್ತಿ, ಉರುಳಿ, ಅವುಗಳ ಕಡೆ ಲಕ್ಷ್ಯವೇ ಇಲ್ಲದಂತೆ ನಟಿಸುತ್ತಾ ಹತ್ತಿರ ಸರಿದು ಎರಗುವ ನಾಯಿ. ಇನ್ನೊಂದನ್ನು ಆತ ಕಳ್ಳನಾಯಿ ಎಂದೇ ಕರೆದ. ಕತ್ತಲಲ್ಲಿ ಗಾಳಿಗೆದುರಾಗಿ ವಾಸನೆ ಹಿಡಿದು ಹೋಗಿ, ಒಮ್ಮೆಯೂ ಬೊಗಳದೆ ಮೊಲ ಹಿಡಿದು ತರುವ ನಾಯಿ ಅದು. 1790ರಲ್ಲಿ ಚಿತ್ರಕಾರ ಥಾಮಸ್ ಬ್ಯೂವಿಕ್ ಪ್ರಾಣಿಗಳ ಬಗ್ಗೆ ಹೊರತಂದ ಪುಸ್ತಕದಲ್ಲಿ ಲರ್ಚರಿನ ವರ್ಣನೆಯೇ ಇದೆ: ಗ್ರೇಹೌಂಡಿಗಿಂತ ಗಿಡ್ಡ, ಕಾಲು ಗಟ್ಟಿ, ಕೂದಲು ಒರಟು, ಮೂಗು ಚುರುಕು, ಬಾಯಿ ಮೌನ.

ಈ ಕೆಲಸಕ್ಕೆ ತೆರಬೇಕಾದ ಬೆಲೆಯೂ ದೊಡ್ಡದಿತ್ತು. 1828ರ ರಾತ್ರಿ ಕಳ್ಳಬೇಟೆ ಕಾನೂನಿನ ಪ್ರಕಾರ, ಮೂರನೇ ಸಲ ಸಿಕ್ಕಿಬಿದ್ದವನನ್ನು ಏಳು ವರ್ಷ ಗಡೀಪಾರು ಮಾಡಿ ಕಡಲಾಚೆ ಕಳಿಸಬಹುದಿತ್ತು. ನಾಯಿ ಒಮ್ಮೆ ಬೊಗಳಿದರೆ ಹೆಂಡತಿ ಮಕ್ಕಳನ್ನು ಬಿಟ್ಟು ಹಡಗು ಹತ್ತಬೇಕಾದೀತು. ಲರ್ಚರಿನ ಮೌನವನ್ನು ಅಲ್ಲಿಯ ಜನ ಇಂದಿಗೂ ಮೊದಲ ಗುಣವೆಂದು ಎಣಿಸುವುದರ ಹಿಂದೆ ಈ ಭಯದ ನೆನಪಿದೆ.

ಅಷ್ಟರಲ್ಲಿ ಮೊಲದ ದೆಸೆಯೇ ತಿರುಗಿತ್ತು. ನಾಜೂಕಿನ ಪ್ರಾಣಿ ನೆಲಕ್ಕೆ ಒಗ್ಗಿಕೊಂಡು, ಹೊಲಗದ್ದೆಗಳಿಗೆ ಹಬ್ಬಿ, ಬೆಳೆ ತಿನ್ನುವ ಪೀಡೆಯಾಯಿತು. ಗೇಣಿದಾರ ರೈತ ತನ್ನ ಪೈರನ್ನು ಮೊಲ ಮೇಯುವುದನ್ನು ನೋಡುತ್ತ ಕೈಕಟ್ಟಿ ನಿಲ್ಲಬೇಕಿತ್ತು, ಮೊಲ ಜಮೀನ್ದಾರನ ಸೊತ್ತು. 1880ರ ಕಾನೂನು ಆ ಅನ್ಯಾಯ ತಪ್ಪಿಸಿತು. ತಾನು ಉಳುವ ನೆಲದಲ್ಲಿ ಮೊಲ ಹಿಡಿಯುವುದು ಅಂದಿನಿಂದ ರೈತನ ಹಕ್ಕಾಯಿತು.

ಈಗ ಆಯ್ಕೆಯ ಮಾತಿಗೆ ಬರೋಣ. ಬಯಲಿನಲ್ಲಿ ಮೇಯುವ ಮೊಲ ತನ್ನ ಬಿಲದಿಂದ ಬಹಳ ದೂರ ಹೋಗುವುದಿಲ್ಲ. ಅದರ ಕಣ್ಣು ತಲೆಯ ಎರಡು ಪಕ್ಕದಲ್ಲಿ ಇರುವುದರಿಂದ ಸುತ್ತಮುತ್ತ ಎಲ್ಲ ಕಾಣುತ್ತದೆ. ಒಂದು ಮೊಲ ಹಿಂಗಾಲಿನಿಂದ ನೆಲ ಬಡಿದರೆ ಸಾಕು, ಉಳಿದವೆಲ್ಲ ಬಿಲದ ಕಡೆಗೆ ದೌಡು. ಹಾಗಾಗಿ ಓಟ ಕೆಲವೇ ಕ್ಷಣಗಳದ್ದು. ಗ್ರೇಹೌಂಡ್ ಗಂಟೆಗೆ 60 ಕಿಲೋಮೀಟರ್ ಮೀರಿ ಓಡಬಲ್ಲದು ನಿಜ. ಆದರೆ ಮೊಲ ಗಕ್ಕನೆ ಅಡ್ಡ ತಿರುಗಿದಾಗ ಆ ದೊಡ್ಡ ಮೈ ತಿರುಗುವುದರೊಳಗೆ ಮೊಲ ಬಿಲದಲ್ಲಿರುತ್ತದೆ. ಚಕಮಕಿ ಕಲ್ಲಿನ ನೆಲ, ಮುಳ್ಳುತಂತಿಯ ಬೇಲಿ ಸಿಕ್ಕರೆ ಅದರ ತೆಳು ಚರ್ಮ ಹರಿಯುತ್ತದೆ, ಬೆರಳು ಉಳುಕುತ್ತದೆ.

ಇದಕ್ಕೆ ಉತ್ತರ ಕಂಡುಕೊಂಡವರಲ್ಲಿ ಉತ್ತರ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಕೂಲಿಕಾರರು ಮುಖ್ಯರು. ಅವರ ಪ್ರೀತಿಯ ನಾಯಿ ವಿಪೆಟ್, ಗ್ರೇಹೌಂಡಿನ ಪುಟ್ಟ ರೂಪ. ಅವರು ನಡೆಸುತ್ತಿದ್ದ ಪಂದ್ಯದಲ್ಲಿ, ಒಡೆಯ ದೂರದಲ್ಲಿ ನಿಂತು ಬಟ್ಟೆಯ ತುಂಡು ಬೀಸಿದರೆ ವಿಪೆಟ್ 200 ಗಜ ದೂರವನ್ನು ಬಾಣದಂತೆ ಓಡಿ ಬರುತ್ತಿತ್ತು. ಅದೇ ಸೀಮೆಯ ನಾರ್ಥಂಬರ್ಲೆಂಡಿನದು ಬೆಡ್ಲಿಂಗ್ಟನ್ ಟೆರಿಯರ್, ಎದೆಗಾರಿಕೆಯ ನಾಯಿ. ಇವೆರಡರ ಬೆರಕೆ ಮೊಲಬೇಟೆಗೆ ಹೆಸರಾಯಿತು. ಮೊದಲ ಹೆಜ್ಜೆಗೇ ವೇಗ ಹಿಡಿಯುವ ಶಕ್ತಿ ವಿಪೆಟ್ಟಿನಿಂದ. ಚಳಿ ತಡೆಯುವ ಕೂದಲು, ಪೊದೆಗೆ ನುಗ್ಗುವ ಧೈರ್ಯ, ಬಿಲದಲ್ಲಿ ಮೊಲ ಉಂಟೋ ಇಲ್ಲವೋ ಎಂದು ತಿಳಿಸುವ ಮೂಗು ಟೆರಿಯರಿನಿಂದ. ದಕ್ಷಿಣದ ಕಡೆ, ದನಕುರಿ ಹೊಡೆದುಕೊಂಡು ಸಂತೆಗೆ ಹೋಗುವವರ ದಾರಿಗಳಲ್ಲಿ, ಕೋಲಿಯ ಬೆರಕೆ ಬೇರೂರಿತು. ಗ್ರೇಹೌಂಡ್ ಕೋಲಿ ಸಮಪಾಲು ಇದ್ದರೆ ಬುದ್ಧಿ ಹೆಚ್ಚು, ಪಾದ ಗಟ್ಟಿ, ವೇಗ ಸ್ವಲ್ಪ ಕಡಿಮೆ. ಅದನ್ನು ಮತ್ತೆ ಗ್ರೇಹೌಂಡಿಗೆ ಕೂಡಿಸಿ, ಮುಕ್ಕಾಲು ಗ್ರೇಹೌಂಡ್ ಕಾಲು ಕೋಲಿ ಮಾಡಿದರೆ ಬಯಲಿಗೆ ಬೇಕಾದ ವೇಗ ಮರಳುತ್ತದೆ, ಹೇಳಿದ ಮಾತು ಕೇಳುವ ಗುಣವೂ ಉಳಿಯುತ್ತದೆ. ಸಲೂಕಿಯ ಬೆರಕೆ ಮೈಲಿಗಟ್ಟಲೆ ಓಡಬಲ್ಲದು. ಆದರೆ ಆ ದಮ್ಮು ಬಿಲದ ಮೊಲಕ್ಕೆ ಬೇಡ, ನಮ್ಮ ಕಾಡುಮೊಲದಂತೆ ಬಿಲವಿಲ್ಲದೆ ಬಯಲಲ್ಲಿ ಓಡುವ ದೊಡ್ಡ ಮೊಲಕ್ಕೆ ಬೇಕಾದದ್ದು.

ರಾತ್ರಿ ದೀಪ ಹಿಡಿದು ಆಡುವ ಬೇಟೆಯಲ್ಲಿ ಇದೆಲ್ಲ ಒಟ್ಟಿಗೆ ಕಾಣುತ್ತದೆ. ಚಂದ್ರನಿಲ್ಲದ, ಗಾಳಿ ಬೀಸುವ ರಾತ್ರಿಯೇ ಬೇಕು. ಗಾಳಿಯ ಸದ್ದಿನಲ್ಲಿ ಹೆಜ್ಜೆ ಕೇಳುವುದಿಲ್ಲ. ಬೆಳಕಿನ ಕೋಲು ಹುಲ್ಲಿನ ಮೇಲೆ ಹಾಯುತ್ತದೆ, ಎಲ್ಲೋ ಒಂದು ಕಣ್ಣು ಹೊಳೆಯುತ್ತದೆ. ಮೊಲ ಮೈಯನ್ನು ನೆಲಕ್ಕೆ ಒತ್ತಿ ಕೂರುತ್ತದೆ. ನಾಯಿಯ ಕೊರಳ ಹಗ್ಗ ಸಡಿಲವಾಗುತ್ತದೆ. ಗ್ರೇಹೌಂಡ್ ಆಗಿದ್ದರೆ ನೇರ ನುಗ್ಗಿ ದಾಟಿಹೋಗುತ್ತಿತ್ತು. ಪಳಗಿದ ಲರ್ಚರ್ ಮೊಲಕ್ಕೂ ಬಿಲಕ್ಕೂ ನಡುವೆ ಬರುವಂತೆ ಓರೆಯಾಗಿ ಓಡುತ್ತದೆ, ತಿರುವಿಗೆ ಸರಿಯಾಗಿ ವೇಗ ಇಳಿಸುತ್ತದೆ, ಹಿಡಿದ ಮೊಲವನ್ನು ಹಲ್ಲೂರದೆ ಕೈಗೆ ತಂದುಕೊಡುತ್ತದೆ. ಈ ಓರೆ ಓಟ ಬುದ್ಧಿಯ ಕೆಲಸ. ಬೆರೆಸಿದ್ದೇ ಇದಕ್ಕಾಗಿ.

1953ರಲ್ಲಿ ಈ ಕಥೆ ಇದ್ದಕ್ಕಿದ್ದಂತೆ ಮುಗಿಯುವ ಹಾಗೆ ಕಂಡಿತು. ಮಿಕ್ಸೊಮಟೋಸಿಸ್ ಎಂಬ ವೈರಸ್ ರೋಗ ಫ್ರಾನ್ಸಿನಿಂದ ಬ್ರಿಟನ್ನಿನ ಕೆಂಟ್ ಸೀಮೆಗೆ ಬಂತು. ಎರಡು ಮೂರು ವರ್ಷಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮೊಲಗಳು ಸತ್ತವು. ಮೇಯುವವರಿಲ್ಲದೆ ಹುಲ್ಲು ಎತ್ತರ ಬೆಳೆಯಿತು. ಗಿಡ್ಡ ಹುಲ್ಲಿನ ನೆಲದ ಒಂದು ಜಾತಿಯ ಇರುವೆ ಕಡಿಮೆಯಾಯಿತು; ಆ ಇರುವೆಯ ಗೂಡಿನಲ್ಲಿ ಮರಿ ಬೆಳೆಸುತ್ತಿದ್ದ ದೊಡ್ಡ ನೀಲಿ ಚಿಟ್ಟೆ 1979ರ ಹೊತ್ತಿಗೆ ಬ್ರಿಟನ್ನಿನಿಂದಲೇ ಅಳಿಯಿತು. ಬೇರೆ ದೇಶದ ಚಿಟ್ಟೆ ತಂದು ಮತ್ತೆ ನೆಲೆಗೊಳಿಸಬೇಕಾಯಿತು. ಪೀಡೆ ಎಂದು ಬೈದ ಪ್ರಾಣಿಗೂ ಆ ನೆಲದಲ್ಲಿ ಒಂದು ಪಾಲು ಇತ್ತು ಎಂದು ಜನ ಅರಿತದ್ದು ಆಗ.

ರೋಗ ತಡೆದು ಬದುಕಿದ ಮೊಲಗಳು ಮೆಲ್ಲನೆ ಹೆಚ್ಚಿದವು. 1970ರ ದಶಕದಲ್ಲಿ ಲರ್ಚರ್ ಪ್ರದರ್ಶನಗಳು ನಡೆದವು. 1979ರಲ್ಲಿ ಬಂದ ಬ್ರಯಾನ್ ಪ್ಲಮರ್ ಅವರ ಲರ್ಚರ್ ಪುಸ್ತಕವನ್ನು ಈ ನಾಯಿಯ ಪ್ರಿಯರು ಇಂದಿಗೂ ಓದುತ್ತಾರೆ. 2004ರ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಾಯಿ ಬಿಟ್ಟು ಕಾಡುಪ್ರಾಣಿ ಬೇಟೆಯಾಡುವುದನ್ನು ನಿಷೇಧಿಸಿತು. ಬಿಲದ ಮೊಲಕ್ಕೂ ಇಲಿಗೂ, ಜಮೀನಿನವರ ಒಪ್ಪಿಗೆ ಇದ್ದರೆ, ವಿನಾಯಿತಿ ಉಂಟು. ನಮ್ಮಲ್ಲಿ 1972ರ ವನ್ಯಜೀವಿ ಕಾನೂನಿನಂತೆ ಕಾಡುಮೊಲದ ಬೇಟೆ ಅಪರಾಧ. ಅದು ಹಾಗೇ ಇರಬೇಕಾದ್ದು.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯೂ ಕಣ್ಣಿನ ಬಲದಿಂದ ಓಡಿ ಹಿಡಿಯುವ ನಾಯಿಯೇ. ನಾವು ಅದರ ತಳಿ ಕೆಡದಂತೆ ಕಾಪಾಡುತ್ತಿದ್ದೇವೆ, ಅದಕ್ಕೆ ಅಂಚೆಚೀಟಿಯ ಗೌರವವೂ ಸಂದಿದೆ. ಆ ಕೆಲಸ ದೊಡ್ಡದು. ಲರ್ಚರ್ ಕಲಿಸುವ ಪಾಠ ಅದಕ್ಕೆ ಜೊತೆಯಾದದ್ದು, ವಿರೋಧವಲ್ಲ. ನಾಯಿ ಆರಿಸುವಾಗ ಮೊದಲು ನೆಲ ನೋಡಬೇಕು, ಆಮೇಲೆ ಕೆಲಸ, ಕೊನೆಗೆ ಬಣ್ಣ ಮತ್ತು ಹೆಸರು. ಇಂದು ಬ್ರಿಟನ್ನಿನ ಅನಾಥ ನಾಯಿಗಳ ಆಶ್ರಮಗಳಲ್ಲಿ ಲರ್ಚರುಗಳು ಬಹಳ. ವೇಗಕ್ಕೆ ಮರುಳಾಗಿ ತಂದು, ಓಡಿಸಲು ಬಯಲಿಲ್ಲದೆ, ಕಲಿಸಲು ತಾಳ್ಮೆಯಿಲ್ಲದೆ ಬಿಟ್ಟವುಗಳು ಅವುಗಳಲ್ಲಿವೆ. ಓದುಬರಹ ಬಾರದ ಕೂಲಿಕಾರರು ತಲೆಮಾರುಗಳ ಕಾಲ ನೋಡಿ, ತೂಗಿ, ಬೆರೆಸಿ ಕಟ್ಟಿದ ಜ್ಞಾನ ಈ ನಾಯಿ. ಅದನ್ನು ಮನೆಗೆ ತರುವವನು ಆ ಜ್ಞಾನಕ್ಕೂ, ಆ ಜೀವಕ್ಕೂ ಹೊಣೆಯಾಗುತ್ತಾನೆ.