ಕೇಶಾಲಂಕಾರಿಣಿ ಬರ್ನೀಸ್ ರಾಬಿನ್ಸನ್

ಅಮೆರಿಕದ ಚಾರ್ಲ್ಸ್‌ಟನ್ ನಗರದಲ್ಲಿ 1914ರಲ್ಲಿ ಜನಿಸಿ, ನ್ಯೂಯಾರ್ಕಿನಲ್ಲಿ ಕೇಶಾಲಂಕಾರದ ವೃತ್ತಿಯನ್ನು ಕೈಗೊಂಡಿದ್ದ ಬರ್ನೀಸ್ ರಾಬಿನ್ಸನ್ ಎಂಬ ಕರಿಯ ಜನಾಂಗದ ಮಹಿಳೆ, ಅಸ್ವಸ್ಥರಾದ ತಂದೆತಾಯಿಗಳ ಶುಶ್ರೂಷೆಗೆಂದು 1947ರಲ್ಲಿ ತವರಿಗೆ ಮರಳಿದರು. ಹಿರಿಯರಿಗೂ ಮಗಳಿಗೂ ಆಸರೆಯಾಗಿ ನಿಂತ ಆ ಗೃಹಿಣಿಗೆ ಕೈಯಲ್ಲಿದ್ದ ಕಸುಬು ಅನ್ನವನ್ನಷ್ಟೇ ಅಲ್ಲ, ಧೈರ್ಯವನ್ನೂ ಕೊಟ್ಟಿತು. ಮತದಾನದ ಹಕ್ಕಿನ ಮಾತೆತ್ತಿದ ಕರಿಯ ಶಿಕ್ಷಕರು ನೌಕರಿಗೇ ಎರವಾಗುತ್ತಿದ್ದ ಆ ದಿನಗಳಲ್ಲಿ, ತಮ್ಮ ಜನರ ತಲೆಗೂದಲನ್ನು ಒಪ್ಪವಾಗಿಸಿ ಜೀವಿಸುತ್ತಿದ್ದ ಈಕೆಯನ್ನು ಕೆಲಸದಿಂದ ತೆಗೆಯಬಲ್ಲ ಧಣಿಯಾದರೂ ಯಾರಿದ್ದರು?

ಪಾಠ ಹೇಳುವ ಕರೆ ಬಂದಾಗ, ತಾವು ಶಿಕ್ಷಕಿಯಲ್ಲವೆಂದು ಮೊದಲು ಹಿಂಜರಿದರೂ, 1957ರ ಜನವರಿಯಲ್ಲಿ, ಸಮೀಪದ ಜಾನ್ಸ್ ದ್ವೀಪದಲ್ಲಿ, ಅಂಗಡಿಯೊಂದರ ಹಿಂಗೋಣೆಯಲ್ಲಿ 14 ಮಂದಿ ವಯಸ್ಕರಿಗೆ ಅಕ್ಷರಾಭ್ಯಾಸವನ್ನು ಆರಂಭಿಸಿದರು. ತಂದಿದ್ದ ಶಿಶುಪಾಠಗಳು ಆ ಪ್ರೌಢರ ಘನತೆಗೆ ಒಪ್ಪುವುದಿಲ್ಲವೆಂದು ಕಂಡೊಡನೆ ಅವನ್ನು ಬದಿಗಿರಿಸಿ, ಹೆಸರು ಬರೆಯುವುದು, ಮನಿಯಾರ್ಡರು ತುಂಬುವುದು, ಮತದಾರರ ನೋಂದಣಿಗೆ ಅಗತ್ಯವಾಗಿದ್ದ ರಾಜ್ಯ ಸಂವಿಧಾನದ ಭಾಗಗಳನ್ನು ಓದುವುದು, ಇವನ್ನೇ ಪಾಠವಾಗಿಸಿದ್ದು, ಗಿರಾಕಿಯ ಇಚ್ಛೆಗೆ ಕಿವಿಗೊಟ್ಟು ಪಳಗಿದವರಿಗೆ ಸಹಜವಾಗಿ ಒದಗುವ ವಿವೇಕವೆಂದೇ ನನ್ನ ಎಣಿಕೆ. ಪಂಡಿತರಿಗೆ, ಪಾಪ, ಅದು ತಡವಾಗಿ ಹೊಳೆಯುತ್ತದೆ. ಪೌರತ್ವ ಶಾಲೆಗಳೆಂದು ಹೆಸರಾದ ಇಂತಹ ತರಗತಿಗಳು ಕ್ರಮೇಣ ದಕ್ಷಿಣದ ರಾಜ್ಯಗಳಲ್ಲೆಲ್ಲ ಹಬ್ಬಿದವು; ಬರ್ನೀಸ್ ಸ್ವತಃ ಊರೂರು ಸುತ್ತಿ ಹೊಸ ಶಿಕ್ಷಕರನ್ನು ತರಬೇತುಗೊಳಿಸಿದರು.