ಮೂರು ತಂತಿ, ಒಂದು ಗುಂಡಿ

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಟ್ಯಾಕ್ಸಿಯೊಂದಕ್ಕೆ ಜಿಪಿಎಸ್ ಪೆಟ್ಟಿಗೆ ಜೋಡಿಸುವುದನ್ನು ಈಚೆಗೆ ಕಂಡೆ. ಕೆಂಪು ತಂತಿ ಫ್ಯೂಸಿನ ಮೂಲಕ ಬ್ಯಾಟರಿಗೆ, ಕಪ್ಪು ತಂತಿ ವಾಹನದ ಲೋಹದ ಮೈಗೆ, ಮೂರನೆಯದು ಇಗ್ನಿಷನ್ನಿಗೆ. ಉಪಗ್ರಹವು ನಮ್ಮನ್ನು ನೋಡುತ್ತಿರುತ್ತದೆಂದು ಹಲವರು ನಂಬಿದ್ದಾರೆ. ಸುಮಾರು 20,200 ಕಿಲೋಮೀಟರ್ ಎತ್ತರದ ಆ ಉಪಗ್ರಹಗಳು ತಮ್ಮ ವೇಳೆಯನ್ನೂ ನೆಲೆಯನ್ನೂ ಸಾರುತ್ತವೆ, ಅಷ್ಟೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತವನ್ನು ಆಲಿಸಿ ಪೆಟ್ಟಿಗೆಯೇ ತನ್ನ ಸ್ಥಾನವನ್ನು ಗಣಿಸಿಕೊಂಡು, ಮೊಬೈಲ್ ಜಾಲದ ಮೂಲಕ ತಿಳಿಸುತ್ತದೆ. 2019ರ ಜನವರಿ 1ರಿಂದ ನೋಂದಣಿಯಾಗುವ ಬಸ್ಸು, ಟ್ಯಾಕ್ಸಿಗಳಿಗೆ ಇದರೊಡನೆ ತುರ್ತು ಗುಂಡಿಯನ್ನೂ ಕೇಂದ್ರದ ನಿಯಮ ಕಡ್ಡಾಯಗೊಳಿಸಿತು. ಅಪರಾತ್ರಿಯಲ್ಲಿ ಒಂಟಿ ಹೆಣ್ಣುಮಗಳೊಬ್ಬಳು ಅದನ್ನು ಒತ್ತಿದಾಗ, ಸಡಿಲವಾದ ಒಂದು ತಂತಿ ಸಾಕು, ಅವಳ ಕರೆ ವಾಹನದೊಳಗೇ ಉಳಿದುಹೋಗಲು. ಆದುದರಿಂದ ಗುಂಡಿಯನ್ನೊಮ್ಮೆ ಒತ್ತಿ, ಸುದ್ದಿ ತಲುಪಿತೆಂಬುದನ್ನು ಖಚಿತಪಡಿಸಿಕೊಂಡ ಮೇಲೆಯೇ ಈ ಕೆಲಸ ಮುಗಿಯಿತೆನ್ನಬೇಕು.